ಪದಚರ್ಚೆ: ಫ್ರಾಟರ್ನಿಟಿ, ಸೊರೋರಿಟಿ, ಇನ್‌ಕ್ಲೂಷನ್ – ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಕಾಲೇಜುಗಳ ಫ್ರಾಟರ್ನಿಟಿ (ಹುಡುಗರ ಸಂಘ), ಸೊರೋರಿಟಿ (ಹುಡುಗಿಯರ ಸಂಘ)ಗಳಲ್ಲಿ ವರ್ಣಭೇದ ಕಳೆಯುವ ಪ್ರಯತ್ನದ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಕೆಲವು ಪದಗಳು ಕೈಗೆ ಸಿಗುತ್ತಿಲ್ಲ. ತಿಳಿದವರು ನೆರವಾಗಬೇಕು.

ಮೊದಲು ಹೆಸರಿನ ವಿಷಯ. 'ಭ್ರಾತೃತ್ವ' ಎಂದು ಬರೆದರೆ ನಮ್ಮ ಓದುಗರಿಗೆ ಸಂವಿಧಾನದ ಪ್ರಸ್ತಾವನೆ ನೆನಪಾಗುತ್ತದೆ. ಅಲ್ಲಿ ಅದು ಯಾರನ್ನೂ ಹೊರಗಿಡದ ಭಾವ. ಈ ಸಂಘಗಳಾದರೋ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡು, ಇದ್ದ ಸದಸ್ಯರು ಒಪ್ಪಿದವರಿಗೆ ಮಾತ್ರ ಬಾಗಿಲು ತೆರೆಯುವಂಥವು. 'ಕೂಟ' ಎನ್ನೋಣವೆಂದರೆ ಅಮೆರಿಕದ ಕನ್ನಡಿಗರಿಗೆ ಅದು ಯುಗಾದಿ, ರಾಜ್ಯೋತ್ಸವಕ್ಕೆ ಎಲ್ಲರೂ ಸೇರುವ ಕನ್ನಡ ಕೂಟ. ಸದ್ಯಕ್ಕೆ 'ಸೋದರ ಬಳಗ', 'ಸೋದರಿ ಬಳಗ' ಎಂದಿಟ್ಟುಕೊಂಡಿದ್ದೇನೆ. ಬಳಗ ಎಂದಾಗ ನಂಟಸ್ತಿಕೆಯ ಜೊತೆಗೆ ನಮ್ಮವರು, ಹೊರಗಿನವರು ಎಂಬ ಗೆರೆಯೂ ಬರುತ್ತದೆ.

ನಿಜವಾದ ತೊಡಕು ಇನ್‌ಕ್ಲೂಷನ್ ಎಂಬುದರದು. ಬರಹದಲ್ಲಿ 'ಒಳಗೊಳ್ಳುವಿಕೆ', ಮಾತಿನಲ್ಲಿ 'ಸೇರಿಸಿಕೊಳ್ಳುವುದು'. ಇವೆರಡನ್ನೂ ಒಂದೇ ಎಂದು ಬಳಸಲು ನನಗೆ ಮನಸ್ಸಿಲ್ಲ. 'ಜಾತಿಗೆ ಸೇರಿಸಿಕೊಂಡರು', 'ಪಂಕ್ತಿಗೆ ಸೇರಿಸಿಕೊಳ್ಳಲಿಲ್ಲ' ಎಂಬ ಮಾತುಗಳನ್ನು ಗಮನಿಸಿ. ಸೇರಿಸುವ, ಬಿಡುವ ಯಜಮಾನಿಕೆ ಮೊದಲಿದ್ದವರ ಕೈಯಲ್ಲೇ ಉಳಿಯುತ್ತದೆ.

ಅಲಬಾಮಾ ವಿಶ್ವವಿದ್ಯಾಲಯದಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ನಿದರ್ಶನ. 2013ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ವಿದ್ಯಾರ್ಥಿ ಪತ್ರಿಕೆ 'ಕ್ರಿಮ್ಸನ್ ವೈಟ್' ಒಂದು ವರದಿ ಪ್ರಕಟಿಸಿತು. ಓದಿನಲ್ಲಿ ಮುಂದಿದ್ದ ಕಪ್ಪು ಜನಾಂಗದ ವಿದ್ಯಾರ್ಥಿನಿಯೊಬ್ಬಳನ್ನು ಬಿಳಿಯರ ಸೋದರಿ ಬಳಗಗಳು ಕೈಬಿಟ್ಟಿದ್ದವು. ಒಳಗಿದ್ದ ಹುಡುಗಿಯರಲ್ಲಿ ಕೆಲವರಿಗೆ ಆಕೆ ಬೇಕಾಗಿದ್ದಳು. ಅಡ್ಡಬಂದವರು ಓದು ಮುಗಿಸಿ ಹೋದ ಹಳೆಯ ಸದಸ್ಯೆಯರು ಎಂದು ಆ ಹುಡುಗಿಯರೇ ಹೇಳಿದರು. ವಿದ್ಯಾರ್ಥಿಗಳು, ಅಧ್ಯಾಪಕರು ಮೆರವಣಿಗೆ ತೆಗೆದರು. ವಿಶ್ವವಿದ್ಯಾಲಯದ ಅಧ್ಯಕ್ಷೆ ಜೂಡಿ ಬಾನರ್ ಆಯ್ಕೆಯನ್ನು ಮತ್ತೆ ತೆರೆಸಿದರು, ಕಪ್ಪು ವಿದ್ಯಾರ್ಥಿನಿಯರಿಗೂ ಆಹ್ವಾನ ಹೋಯಿತು. ಗವರ್ನರ್ ಜಾರ್ಜ್ ವ್ಯಾಲೇಸ್ ಇದೇ ವಿಶ್ವವಿದ್ಯಾಲಯದ ಬಾಗಿಲಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಅಡ್ಡ ನಿಂತದ್ದು 1963ರಲ್ಲಿ. ಒಬ್ಬಿಬ್ಬರನ್ನು ಬಿಟ್ಟರೆ, ತರಗತಿಯೊಳಗೆ ಕಾಲಿಟ್ಟವರು ಈ ಬಳಗಗಳ ಮನೆಯೊಳಗೆ ಕಾಲಿಡಲು ಐವತ್ತು ವರ್ಷ ಕಾಯಬೇಕಾಯಿತು ಎಂಬುದು ಸಣ್ಣ ಸಂಗತಿಯಲ್ಲ.

2013ರಲ್ಲಿ ಆದದ್ದನ್ನು ನಾನು 'ಸೇರಿಸಿಕೊಂಡರು' ಎಂದೇ ಬರೆಯುತ್ತೇನೆ. ಹಾಗೆ ಬಂದವಳು ಮುಂದಿನ ವರ್ಷ ಯಾರು ಬರಬೇಕೆಂದು ತೀರ್ಮಾನಿಸುವ ಜಾಗದಲ್ಲಿ ತಾನೂ ಕೂತು, ಅವಳ ಮಾತಿಗೆ ಬೆಲೆ ಬಂದರೆ ಆಗ 'ಒಳಗೊಂಡರು' ಎನ್ನಬಹುದು. ಈ ವ್ಯತ್ಯಾಸ ನಿಮ್ಮ ಕಿವಿಗೂ ಕೇಳಿಸುತ್ತದೆಯೇ?

ಇನ್ನು, ಹೊರಗುಳಿದವರು ಕಟ್ಟಿಕೊಂಡ ಬಳಗಗಳಿವೆ. ಕಪ್ಪು ವಿದ್ಯಾರ್ಥಿಗಳ ಆಲ್ಫಾ ಫೈ ಆಲ್ಫಾ 1906ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಮಾರ್ಟಿನ್ ಲೂಥರ್ ಕಿಂಗ್ ಅದರ ಸದಸ್ಯರು. 1908ರಲ್ಲಿ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಸೋದರಿ ಬಳಗ ಆಲ್ಫಾ ಕಪ್ಪಾ ಆಲ್ಫಾ ಶುರುವಾಯಿತು, ಕಮಲಾ ಹ್ಯಾರಿಸ್ ಸೇರಿದ್ದು ಅದಕ್ಕೆ. ದಕ್ಷಿಣ ಏಷ್ಯಾ ಮೂಲದ ಹೆಣ್ಣುಮಕ್ಕಳ ಡೆಲ್ಟಾ ಫೈ ಬೀಟಾ 1992ರಲ್ಲಿ ಬರ್ಕ್ಲಿಯಲ್ಲಿ ಆರಂಭವಾಯಿತು. ಇವನ್ನು 'ಪ್ರತ್ಯೇಕ ಬಳಗ' ಎಂದರೆ ಇವರೇ ಬೇರೆಯಾಗಿ ಹೋದರೇನೋ ಎಂಬ ಆರೋಪದ ಧ್ವನಿ ಬರುತ್ತದೆ. ಅದು ಅನ್ಯಾಯ. 'ಸ್ವಂತ ಬಳಗ' ಸಾಕೇ?

ಕೊನೆಯದು 'ಲೆಗಸಿ'. ತಾಯಿಯೋ ಅಕ್ಕನೋ ಸದಸ್ಯೆಯಾಗಿದ್ದರೆ ಹುಡುಗಿಗೆ ಆಯ್ಕೆಯಲ್ಲಿ ಸಿಗುವ ಆದ್ಯತೆ ಇದು. ಅಮ್ಮಂದಿರ ಕಾಲದಲ್ಲಿ ಬಾಗಿಲು ಮುಚ್ಚಿದ್ದವರ ಮಕ್ಕಳಿಗೆ ಇದರಿಂದ ಮತ್ತೂ ನಷ್ಟ. 2020ರಲ್ಲಿ ಹಲವು ಸೋದರಿ ಬಳಗಗಳು ಇದನ್ನು ಕೈಬಿಟ್ಟವು. 'ಪರಂಪರೆ' ಎಂದರೆ ಹೊಗಳಿಕೆಯಾಗುತ್ತದೆ. ದೇವಸ್ಥಾನಗಳ 'ಮಿರಾಸಿ' ಎಂಬ ಪದ ನನಗೆ ತೀರಾ ಹತ್ತಿರ ಅನ್ನಿಸಿದೆ: ಹುಟ್ಟಿನಿಂದ ಬಂದ ಹಕ್ಕು, ಕೇಳುವವರಿಲ್ಲ. ಈಗಿನ ಕಾಲೇಜು ಹುಡುಗರಿಗೆ ಮಿರಾಸಿ ಅರ್ಥವಾಗುತ್ತದೆಯೇ? ನಿಮ್ಮ ಕಡೆ ಇದಕ್ಕೆ ಬೇರೆ ಮಾತಿದ್ದರೆ ಯಾವ ಊರಿನದೆಂದು ಹೇಳಿ, ದಯವಿಟ್ಟು ತಿಳಿಸಿ.