ಮೆಟ್ರೋ ಪಕ್ಕ ಮನೆ ಜಾಸ್ತಿ ಆದರೆ ತಪ್ಪೇನು?

ಬಾಡಿಗೆಮನೆ: ಬೆಂಗಳೂರಿನ ವಿಜಯನಗರ ಮೆಟ್ರೋ ಸ್ಟೇಷನ್‌ನಿಂದ ಐದು ನಿಮಿಷದ ನಡಿಗೆಯಲ್ಲಿ ನನ್ನ ಮನೆ ಇತ್ತು. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೂ ಕೂಡಿತು, ನನ್ನ ಕೆಲಸ ಅಲ್ಲೇ. ಖುಷಿಪಟ್ಟಿದ್ದೆ. ಅಷ್ಟರಲ್ಲಿ ಬಾಡಿಗೆ ಏರಿತು. ಈಗ ಸುಂಕದಕಟ್ಟೆಯಲ್ಲಿದ್ದೇನೆ, ಮೆಟ್ರೋ ಹತ್ತೋಕೆ ಮೊದಲು ಬಸ್ಸು ಹಿಡಿಯಬೇಕು. ಸ್ಟೇಷನ್ ಸುತ್ತ ಇನ್ನಷ್ಟು ಮನೆ ಕಟ್ಟಲು ಬಿಡಬೇಕು.

ನಾಲ್ಕನೇ ಬ್ಲಾಕ್ ಹಳಬ: ಕಷ್ಟ ಅರ್ಥವಾಗುತ್ತೆ ತಮ್ಮಾ. ಆದರೆ ಜಯನಗರದಲ್ಲಿ ನಮ್ಮ ಪಕ್ಕದ 40×60 ಸೈಟಿನಲ್ಲಿ ಒಂದು ಮನೆ ಇತ್ತು, ಈಗ ಎಂಟು ಫ್ಲಾಟು. 2024ರ ಬೇಸಿಗೆಯಲ್ಲಿ ಅವರ ಬೋರ್‌ವೆಲ್ ಬತ್ತಿತು. ಬೆಳಗ್ಗೆ ಆರಕ್ಕೇ ಟ್ಯಾಂಕರ್ ಬಂದು ನಮ್ಮ ಗೇಟಿಗೆ ಅಡ್ಡ ನಿಲ್ಲುತ್ತಿತ್ತು. ಚರಂಡಿ ಪೈಪು ಮಾತ್ರ ಅದೇ ಹಳೇದು.

ನಕ್ಷೆ ಬರೆಯುವವ: ‘ಮಾಸ್ಟರ್ ಪ್ಲ್ಯಾನ್ 2015’ ಅನ್ನೋ ನಗರ ಯೋಜನೆಯಲ್ಲೇ ಸ್ಟೇಷನ್‌ನಿಂದ 150 ಮೀಟರ್ ಒಳಗೆ ಎಫ್‌ಎಆರ್ 4ಕ್ಕೆ ಅವಕಾಶ ಕೊಟ್ಟಿದ್ದರು. ಅಂದರೆ ಎಲ್ಲ ಮಹಡಿ ಸೇರಿ ಸೈಟಿನ ವಿಸ್ತೀರ್ಣದ ನಾಲ್ಕು ಪಟ್ಟು ಕಟ್ಟಬಹುದು. ಆದರೆ 150 ಮೀಟರ್ ಎರಡು ನಿಮಿಷದ ನಡಿಗೆ ಅಷ್ಟೇ, ಜನ ಹತ್ತು ನಿಮಿಷವಾದರೂ ನಡೆಯುತ್ತಾರೆ. ಇನ್ನೊಂದು ಮಾತು. 30×40ರಲ್ಲಿ ನಾಲ್ಕು ಪಟ್ಟು ಅಂದರೆ 4,800 ಚದರಡಿ. ಮೆಟ್ಟಿಲು, ಗೋಡೆ ಕಳೆದರೂ ಆರೇಳು ಸಣ್ಣ ಮನೆ ಆಗುತ್ತವೆ. ಅದರಲ್ಲೇ ಎರಡು ದೊಡ್ಡ ಮನೆ ಮಾಡಿ ನಾಲ್ಕು ಕಾರು ನಿಲ್ಲಿಸಿದರೆ ಮೆಟ್ರೋ ಹತ್ತುವವರು ಯಾರು? ಎಷ್ಟು ಎತ್ತರ ಅನ್ನೋದಕ್ಕಿಂತ ಎಷ್ಟು ಮನೆ ಅಂತ ಕೇಳಬೇಕು.

ವಠಾರದ ಹುಡುಗಿ: ನಮ್ಮಜ್ಜಿ ಚಾಮರಾಜಪೇಟೆಯ ವಠಾರದಲ್ಲಿ ಬದುಕಿದವರು. ಹತ್ತು ಸಂಸಾರ, ಒಂದೇ ನಲ್ಲಿ. ನಲ್ಲಿ ಸಾಲಿನ ಜಗಳ ಇತ್ತು ನಿಜ, ಆದರೆ ದಿನಸಿ, ಶಾಲೆ, ಮಾರ್ಕೆಟ್ಟು ಎಲ್ಲ ನಡೆದೇ. ಈಗ ನಮ್ಮ ಸ್ಟೇಷನ್ ಮೆಟ್ಟಿಲು ಇಳಿದರೆ ಮೊದಲ ಚಪ್ಪಡಿಯೇ ಅಲ್ಲಾಡುತ್ತೆ, ಮಳೆ ಬಂದರೆ ಕಾಲಿಟ್ಟ ಕೂಡಲೇ ಕೆಸರು ಚಿಮ್ಮುತ್ತೆ. ಮುಂದೆ ಟ್ರಾನ್ಸ್‌ಫಾರ್ಮರ್. ಮಗು ಎತ್ತಿಕೊಂಡು ರಸ್ತೆಗೇ ಇಳಿಯಬೇಕು. ಫುಟ್‌ಪಾತ್ ಇಲ್ಲದೆ ಪಕ್ಕದಲ್ಲಿ ಮನೆ ಇದ್ದು ಏನು ಬಂತು?

ಬಾಡಿಗೆಮನೆ: ಅಕ್ಕ, ಫುಟ್‌ಪಾತ್ ಮಾತು ನೂರಕ್ಕೆ ನೂರು ಸರಿ. ಸರ್, ಸುಂಕದಕಟ್ಟೆಗೆ ಹೋದರೂ ನಾನು ನೀರು ಕುಡಿಯುತ್ತೇನಲ್ವಾ? ನಮ್ಮ ಬೀದಿಗೂ ಟ್ಯಾಂಕರೇ ಬರೋದು. ಊರಾಚೆ ಹೊಸ ಪೈಪು ಎಳೆಯುವ ಬದಲು ಇರುವ ಕಡೆ ದೊಡ್ಡದು ಹಾಕಲಿ.

ನಾಲ್ಕನೇ ಬ್ಲಾಕ್ ಹಳಬ: ಅದು ಒಪ್ಪುವ ಮಾತು. ಹಾಗಿದ್ದರೆ ಬಿಲ್ಡರ್ ಹೆಚ್ಚುವರಿ ಎಫ್‌ಎಆರ್‌ಗೆ ಕಟ್ಟುವ ದುಡ್ಡು ಅದೇ ರಸ್ತೆಯ ಪೈಪಿಗೆ ಹೋಗಲಿ. ಪೈಪು ಮೊದಲು, ಫ್ಲಾಟು ಆಮೇಲೆ. ಹಾಗೆ ಮಾಡಿದರೆ ನಾನು ಅಡ್ಡ ಬರಲ್ಲ.