ಮೂರು ಭಾಷೆಗಳಲ್ಲಿ ಒಂದೇ ಮೌಲ್ಯಕ್ಕೆ ಮೂರು ಬಗೆಯ ಡೇಟಾ ಟೈಪ್: ಏಕರೂಪವಾಗಿ ಗುರುತಿಸುವುದು ಹೇಗೆ?

ಪ್ರಶ್ನೆ (ಬಸವನಗುಡಿಯಿಂದ)

ನಮಸ್ಕಾರ. ನಾವು ಮೂವರು ಸ್ನೇಹಿತರು ಸೇರಿ ಬೆಂಗಳೂರಿನ ಕೆಲವು ಅಪಾರ್ಟ್‌ಮೆಂಟ್ ಸಂಘಗಳಿಗೆ ಟ್ಯಾಂಕರ್ ನೀರಿನ ಲೆಕ್ಕವಿಡುವ ಸಣ್ಣ ತಂತ್ರಾಂಶವೊಂದನ್ನು ನಡೆಸುತ್ತಿದ್ದೇವೆ. ಗೇಟಿನಲ್ಲಿ ಸೆಕ್ಯುರಿಟಿಯವರು ಮೊಬೈಲಿನಲ್ಲಿ ತುಂಬುವ ಫಾರಂ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಅದನ್ನು ಪಡೆದು ಡೇಟಾಬೇಸಿಗೆ ಸೇರಿಸುವ ಭಾಗ ಪಿಎಚ್‌ಪಿಯಲ್ಲಿದೆ. ತಿಂಗಳ ಕೊನೆಯ ವರದಿ ಪೈಥಾನ್‌ನಲ್ಲಿ ಸಿದ್ಧವಾಗುತ್ತದೆ. ಮೂರರ ನಡುವೆ ಮಾಹಿತಿ ಜೇಸನ್ ಎಂಬ ಪಠ್ಯರೂಪದಲ್ಲಿ ಓಡಾಡುತ್ತದೆ. ತಪ್ಪು ಎಲ್ಲಿ ನುಸುಳಿತೆಂದು ಹುಡುಕಲು ಅನುಕೂಲವಾಗಲೆಂದು ಪ್ರತಿ ಹಂತದಲ್ಲೂ ಮೌಲ್ಯದ ಜೊತೆಗೆ ಅದರ ಟೈಪನ್ನೂ (ಅದು ಸಂಖ್ಯೆಯೋ ಪಠ್ಯವೋ ಎಂಬ ಬಗೆಯನ್ನು) ಲಾಗಿನಲ್ಲಿ, ಅಂದರೆ ದಾಖಲೆಯಲ್ಲಿ, ಬರೆಸತೊಡಗಿದೆವು.

ಟ್ಯಾಂಕರ್ ಬಾರದ ದಿನ ಲೀಟರಿನ ಜಾಗದಲ್ಲಿ ನಲ್, ಅಂದರೆ ಮೌಲ್ಯವಿಲ್ಲವೆಂಬ ಗುರುತು, ಇರುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಟೈಪ್ ತಿಳಿಸುವ ಟೈಪ್‌ಆಫ್ ಅದನ್ನು ‘ಆಬ್ಜೆಕ್ಟ್’ ಎನ್ನುತ್ತದೆ, ಪಿಎಚ್‌ಪಿಯ ಗೆಟ್‌ಟೈಪ್ ‘ನಲ್’ ಎನ್ನುತ್ತದೆ, ಪೈಥಾನ್ ‘ನನ್‌ಟೈಪ್’ ಎನ್ನುತ್ತದೆ. ದಶಮಾಂಶ ಸಂಖ್ಯೆಗೂ ‘ನಂಬರ್’, ‘ಡಬಲ್’, ‘ಫ್ಲೋಟ್’ ಎಂಬ ಮೂರು ಹೆಸರುಗಳಿವೆ. ಈ ಹೆಸರುಗಳನ್ನು ಹೊಂದಿಸುವ ಒಂದು ಪಟ್ಟಿ ಬರೆದರೆ ಸಾಕೆಂದುಕೊಂಡಿದ್ದೆ. ಆದರೆ ಕಳೆದ ತಿಂಗಳು ಒಂದು ಸಂಘದ ಒಟ್ಟು 1,86,009 ಲೀಟರ್ ಎಂದು ಬಂತು. 6,000 ಮತ್ತು 12,000 ಲೀಟರಿನ ಟ್ಯಾಂಕರುಗಳು ಮಾತ್ರ ಬರುವ ಕಡೆ ಆ ಒಂಬತ್ತು ಲೀಟರ್ ಎಲ್ಲಿಂದ ಬಂತೆಂದು ಸಂಘದ ಖಜಾಂಚಿಯವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ 1 (ಮಲ್ಲೇಶ್ವರದಿಂದ)

ಮೊದಲು ಒಂಬತ್ತು ಲೀಟರಿನ ವಿಚಾರ. ನಿಮ್ಮ ಫಾರಂನಲ್ಲಿ ‘ಟ್ಯಾಂಕರ್ ಬಂದಿದೆ’ ಎಂದು ಟಿಕ್ ಮಾಡುವ ಚೌಕವೇನಾದರೂ ಇದ್ದರೆ, ಅದರ ಟ್ರೂ (ಹೌದು) ಎಂಬ ಮೌಲ್ಯ ಲೀಟರಿನ ಜಾಗಕ್ಕೆ ಎಲ್ಲಾದರೂ ಹೋಗುತ್ತಿದೆಯೇ ನೋಡಿ. ಪೈಥಾನ್‌ನಲ್ಲಿ ಬೂಲ್ (ಹೌದು-ಅಲ್ಲ ಎಂಬ ಮೌಲ್ಯದ ಟೈಪ್) ಎಂಬುದು ಇಂಟ್‌ನ (ಪೂರ್ಣಾಂಕದ ಟೈಪಿನ) ಉಪವರ್ಗ. ಆದ್ದರಿಂದ ಈಸ್‌ಇನ್‌ಸ್ಟೆನ್ಸ್ ಬಳಸಿ ‘ಇದು ಇಂಟ್ ಹೌದೇ’ ಎಂದು ಕೇಳಿದರೆ ಟ್ರೂ ಕೂಡ ಹೌದೆನ್ನುತ್ತದೆ, 6000ಕ್ಕೆ ಅದನ್ನು ಕೂಡಿಸಿದರೆ ಯಾವ ತಕರಾರೂ ಇಲ್ಲದೆ 6001 ಬರುತ್ತದೆ. ಬೂಲ್ ಹೌದೇ ಎಂಬ ಪರೀಕ್ಷೆ ಯಾವಾಗಲೂ ಇಂಟ್ ಪರೀಕ್ಷೆಗಿಂತ ಮೊದಲು ಬರಬೇಕು.

ಹೆಸರುಗಳನ್ನು ಹೊಂದಿಸುವ ಪಟ್ಟಿ ಸಾಲದು, ಏಕೆಂದರೆ ಭಾಷೆಗಳು ಬೇರೆ ಬೇರೆ ಹೆಸರು ಹೇಳುವುದಷ್ಟೇ ಅಲ್ಲ, ಗೆರೆಗಳನ್ನೂ ಬೇರೆ ಬೇರೆ ಕಡೆ ಎಳೆದಿವೆ. ಜಾವಾಸ್ಕ್ರಿಪ್ಟ್‌ನಲ್ಲಿ ನಲ್ ‘ಆಬ್ಜೆಕ್ಟ್’ ಆಗಿರುವುದು 1995ರ ಮೊದಲ ಆವೃತ್ತಿಯಿಂದ ಬಂದ ತಪ್ಪು: ಅಲ್ಲಿ ಪ್ರತಿ ಮೌಲ್ಯದ ಜೊತೆಗೆ ಟೈಪ್ ತಿಳಿಸುವ ಕೆಲವು ಬಿಟ್‌ಗಳಿರುತ್ತಿದ್ದವು, ಆಬ್ಜೆಕ್ಟಿನ ಗುರುತು ಸೊನ್ನೆಯಾಗಿತ್ತು, ನಲ್ ಪೂರ್ತಿ ಸೊನ್ನೆಗಳಿಂದಲೇ ಆದದ್ದಾಗಿತ್ತು. ಸರಿಪಡಿಸಿದರೆ ಹಳೆಯ ಜಾಲತಾಣಗಳು ಮುರಿಯುತ್ತವೆಂದು ಅದನ್ನು ಹಾಗೇ ಬಿಟ್ಟಿದ್ದಾರೆ. ಟೈಪ್‌ಆಫ್‌ಗೆ ಅರೇ (ಮೌಲ್ಯಗಳ ಸಾಲು) ಕೂಡ ‘ಆಬ್ಜೆಕ್ಟ್’, ಅದನ್ನು ಗುರುತಿಸಲು ಅರೇ.ಈಸ್‌ಅರೇ ಬೇಕು. ಪಿಎಚ್‌ಪಿಯಲ್ಲಿ ಪಟ್ಟಿಯೂ ಕೀಲಿ-ಮೌಲ್ಯದ ನಕ್ಷೆಯೂ (ಒಂದೊಂದು ಹೆಸರಿಗೆ ಒಂದೊಂದು ಮೌಲ್ಯವಿರುವ ಜೋಡಣೆಯೂ) ಒಂದೇ ಅರೇ. ಇವನ್ನು ಬಿಡಿಸಿ ನೋಡಲು 2021ರ 8.1 ಆವೃತ್ತಿಯಲ್ಲಷ್ಟೇ ಅರೇ_ಈಸ್_ಲಿಸ್ಟ್ ಬಂತು, ಅದೂ ಖಾಲಿ ಅರೇಯನ್ನು ಪಟ್ಟಿಯೆಂದೇ ಹೇಳುತ್ತದೆ.

ಆದ್ದರಿಂದ ನಲ್, ಬೂಲಿಯನ್, ಸಂಖ್ಯೆ, ಪಠ್ಯ, ಪಟ್ಟಿ, ನಕ್ಷೆ ಎಂಬ ಆರು ಹೆಸರುಗಳನ್ನು ನೀವೇ ಇಟ್ಟುಕೊಂಡು, ಮೂರೂ ಭಾಷೆಗಳಲ್ಲಿ ಒಂದೊಂದು ಪುಟ್ಟ ಫಂಕ್ಷನ್ ಬರೆದು, ಅದೇ ಕ್ರಮದಲ್ಲಿ ಪರೀಕ್ಷಿಸಿ. ಜೇಸನ್‌ಗೂ ಇಷ್ಟೇ ಗೊತ್ತು. ಪೂರ್ಣಾಂಕ ಮತ್ತು ದಶಮಾಂಶವನ್ನು ಬೇಕೆಂದೇ ಒಂದೇ ‘ಸಂಖ್ಯೆ’ಯಲ್ಲಿ ಸೇರಿಸಿದ್ದೇನೆ. 6000.0 ಎಂಬುದು ಜಾವಾಸ್ಕ್ರಿಪ್ಟ್‌ನಿಂದ ಹೊರಡುವಾಗ 6000 ಆಗುತ್ತದೆ, ಪಿಎಚ್‌ಪಿಯೂ ವಿಶೇಷವಾಗಿ ಹೇಳದಿದ್ದರೆ ಹಾಗೇ ಬರೆಯುತ್ತದೆ, ಪೈಥಾನ್ ಅದನ್ನು ಇಂಟ್ ಎಂದು ಓದುತ್ತದೆ. ದಾರಿಯಲ್ಲೇ ಅಳಿಸಿಹೋಗುವ ಭೇದವನ್ನು ಕೊನೆಯಲ್ಲಿ ಪತ್ತೆಹಚ್ಚಲು ಸಾಧ್ಯವಿಲ್ಲ. ಪೂರ್ಣಾಂಕವೇ ಬೇಕಿದ್ದರೆ ಮೌಲ್ಯವನ್ನು ನೋಡಿ ತೀರ್ಮಾನಿಸಿ.

ಉತ್ತರ 2 (ವಿಜಯನಗರದಿಂದ)

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಫಾರಂನಿಂದ ಬರುವುದೆಲ್ಲ ಮೂಲತಃ ಪಠ್ಯವೆಂಬುದನ್ನು ಮರೆಯಬಾರದು. ಪಠ್ಯದ ಮುಖ ನೋಡಿ ಟೈಪ್ ಊಹಿಸುವ ಕೋಡ್ ನಮ್ಮ ಊರಿನ ಎಸ್‌ಟಿಡಿ ಕೋಡ್ 080ನ್ನೇ ನುಂಗಿಬಿಡುತ್ತದೆ: ಸ್ಥಿರ ದೂರವಾಣಿಯ ಸಂಖ್ಯೆಯನ್ನು ನಂಬರ್ ಮಾಡಿದ ಕೂಡಲೇ ಮುಂದಿನ ಸೊನ್ನೆ ಹೋಗಿ 80 ಉಳಿಯುತ್ತದೆ. ಕೂಡಿ ಕಳೆಯಲಾಗದ ಅಂಕಿಗಳು ಸಂಖ್ಯೆಯಲ್ಲ, ಪಠ್ಯ.

ಇನ್ನೊಂದು ಸಂಗತಿ ನಮ್ಮಂಥವರಿಗೇ ಎದುರಾಗುವಂಥದ್ದು. ಯಾರಾದರೂ ಕನ್ನಡ ಅಂಕಿಗಳಲ್ಲಿ ೬೦೦೦ ಎಂದು ತುಂಬಿದರೆ ಪೈಥಾನ್‌ನ ಇಂಟ್ ಅದನ್ನು ಸರಾಗವಾಗಿ 6000 ಎಂದು ಓದುತ್ತದೆ. ಜಾವಾಸ್ಕ್ರಿಪ್ಟ್‌ನ ನಂಬರ್ ‘ನಾನ್’ (‘ಸಂಖ್ಯೆಯಲ್ಲ’ ಎಂಬುದರ ಇಂಗ್ಲಿಷ್ ಕಿರುರೂಪ) ಕೊಡುತ್ತದೆ, ಪಿಎಚ್‌ಪಿಯ ಈಸ್_ನ್ಯೂಮರಿಕ್ ಅದು ಸಂಖ್ಯೆಯಲ್ಲವೆನ್ನುತ್ತದೆ. ಆ ‘ನಾನ್’ ಎಂಬುದಕ್ಕೆ ಟೈಪ್‌ಆಫ್ ಕೊಡುವ ಹೆಸರು ‘ನಂಬರ್’ ಎಂಬುದು ಒಂದು ತಮಾಷೆಯಾದರೆ, ಜೇಸನ್ ಆಗುವಾಗ ಅದು ಸದ್ದಿಲ್ಲದೆ ನಲ್ ಆಗಿಬಿಡುವುದು ತಮಾಷೆಯಲ್ಲ. ನಿಮ್ಮ ಲೆಕ್ಕದಲ್ಲಿ ಅದರ ಅರ್ಥ ‘ಟ್ಯಾಂಕರ್ ಬರಲಿಲ್ಲ’ ಎಂದಾಗುತ್ತದೆ. ಯಾವ ಅಂಕಣ ಯಾವ ಟೈಪಿನದು ಎಂದು ಮೊದಲೇ ಬರೆದಿಟ್ಟು, ಫಾರಂನಲ್ಲೇ ಕನ್ನಡ ಅಂಕಿಗಳನ್ನು ಬದಲಾಯಿಸಿ, ಹೊಂದದ್ದನ್ನು ಅಲ್ಲೇ ತಡೆಯುವುದು ಲೇಸು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಬೂಲ್ ಪರೀಕ್ಷೆಯನ್ನು ಮುಂದಕ್ಕೆ ತಂದು ಓಡಿಸಿದಾಗ ಒಂಬತ್ತು ಸಾಲುಗಳು ಸಿಕ್ಕಿದವು. ರಾತ್ರಿ ಪಾಳಿಯಲ್ಲಿ ಟಿಕ್ ಮಾತ್ರ ಮಾಡಿ ಲೀಟರ್ ಬರೆಯದೆ ಬಿಟ್ಟಾಗ ನಮ್ಮ ಫಾರಂ ಆ ಜಾಗದಲ್ಲಿ ಟ್ರೂ ಇಡುತ್ತಿತ್ತು. ಅದು ನಾನೇ ಬರೆದ ಸಾಲು. ಅಂದರೆ ಒಂಬತ್ತು ಲೀಟರ್ ಹೆಚ್ಚಾಗಿರಲಿಲ್ಲ, ಒಂಬತ್ತು ಟ್ಯಾಂಕರುಗಳೇ ಲೆಕ್ಕದಿಂದ ಬಿಟ್ಟುಹೋಗಿದ್ದವು. ಗೇಟಿನ ರಿಜಿಸ್ಟರ್ ತರಿಸಿ ನೋಡಿದರೆ ಏಳು ಸಣ್ಣವು, ಎರಡು ದೊಡ್ಡವು, ಒಟ್ಟು 66,000 ಲೀಟರ್. ಖಜಾಂಚಿಯವರಿಗೆ 2,52,000ದ ಹೊಸ ವರದಿಯನ್ನು ಇಂದು ಬೆಳಿಗ್ಗೆ ಕಳುಹಿಸಿದ್ದೇನೆ.