ಸಹಾಯ ಬೇಕು: ರಾಯಲ್ ಇಂಡಿಯನ್ ನೇವಿಯಲ್ಲಿ ಅಡುಗೆಯವರಾಗಿದ್ದ ಅಜ್ಜನ ಪದಕಗಳು

ಮಾನ್ಯರೇ, ಎರಡನೇ ಮಹಾಯುದ್ಧದ ಕಾಲದಲ್ಲಿ ರಾಯಲ್ ಇಂಡಿಯನ್ ನೇವಿಯ ಹಡಗುಗಳಲ್ಲಿ ಅಡುಗೆ ಮಾಡುತ್ತಿದ್ದ ನನ್ನ ತಾಯಿಯ ತಂದೆಯವರ ಸೇವಾ ವಿವರಗಳನ್ನು ಹುಡುಕುತ್ತಿದ್ದೇನೆ. ಕುಂದಾಪುರದ ಮನೆಯ ಪೆಟ್ಟಿಗೆಯಲ್ಲಿ ಮೂರು ಪದಕಗಳೂ ಗೆದ್ದಲು ತಿಂದ ಒಂದು ಬಿಡುಗಡೆ ಪತ್ರವೂ ಸಿಕ್ಕಿವೆ. ಪತ್ರದಲ್ಲಿ ‘ಭಂಡಾರಿ’ ಎಂಬ ಪದವಷ್ಟೇ ಸ್ಪಷ್ಟವಾಗಿದೆ. ನಮ್ಮ ಕಡೆ ಅದು ಮನೆತನದ ಹೆಸರೂ ಆಗಿರುವುದರಿಂದ, ಹಡಗಿನ ಅಡುಗೆಯವರನ್ನು ಹಾಗೆ ಕರೆಯುತ್ತಿದ್ದರೆಂದು ತಿಳಿಯುವವರೆಗೆ ಆ ಪತ್ರ ಬೇರೆ ಯಾರದೋ ಎಂದುಕೊಂಡಿದ್ದೆವು.

ಎರಡು ಪದಕಗಳು ಆರು ಮೂಲೆಯ ಕಂಚಿನ ನಕ್ಷತ್ರಗಳು: 1939–45 ಸ್ಟಾರ್ ಮತ್ತು ಬರ್ಮಾ ಸ್ಟಾರ್. ಮೂರನೆಯದು, ಹಿಂಬದಿಯಲ್ಲಿ ಸಿಂಹವು ಡ್ರ್ಯಾಗನ್ನನ್ನು ಮೆಟ್ಟಿ ನಿಂತಿರುವ ವಾರ್ ಮೆಡಲ್. ಬರ್ಮಾ ಸ್ಟಾರ್ ಇರುವುದರಿಂದ ಅವರು 1941ರ ಡಿಸೆಂಬರ್ ನಂತರ ಬಂಗಾಳ ಕೊಲ್ಲಿಯ ಕಡೆ ಹಡಗಿನಲ್ಲಿದ್ದಿರಬೇಕೆಂದು ಊಹಿಸಿದ್ದೇನೆ. 1946ರ ಫೆಬ್ರವರಿಯಲ್ಲಿ ಮುಂಬಯಿಯ ‘ತಲ್ವಾರ್’ ನೆಲೆಯಲ್ಲಿ ನಾವಿಕರು ಕೆಟ್ಟ ಊಟವನ್ನು ಪ್ರತಿಭಟಿಸಿ ಮುಷ್ಕರ ಹೂಡಿದಾಗ ಅಜ್ಜ ಎಲ್ಲಿದ್ದರೆಂಬ ಕುತೂಹಲವೂ, ಅಡುಗೆಯವರ ಮೊಮ್ಮಗನಾದ ನನಗೆ, ಇದ್ದೇ ಇದೆ.

ಆ ಕಾಲದ ನಾವಿಕರ ಸೇವಾ ದಾಖಲೆಯನ್ನು ಪಡೆಯಲು ವಾರಸುದಾರರು ಯಾವ ಕಚೇರಿಗೆ, ಯಾವ ಕಾಗದಗಳೊಂದಿಗೆ ಅರ್ಜಿ ಸಲ್ಲಿಸಬೇಕೆಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ. ಮಾಸಿದ ರಿಬ್ಬನ್‌ಗಳನ್ನು ಬದಲಾಯಿಸುವುದು ಸರಿಯೇ ಎಂಬುದನ್ನೂ ಹೇಳಿದರೆ ಉಪಕಾರವಾಗುತ್ತದೆ.